ಗಾಲ್ವೆಯ ಆ ಏಳು ದಿನ

ಬೆಳಗಾವಿಯಲ್ಲಿ ಓದಿದ ದಂತವೈದ್ಯೆ, ಐರ್ಲೆಂಡ್‌ನ ಆಸ್ಪತ್ರೆ, ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿದ್ದ ಗರ್ಭ. ವೈದ್ಯರು ಕಾದರು, ನಂಜು ಕಾಯಲಿಲ್ಲ. ಸವಿತಾ ಹಾಲಪ್ಪನವರ ತೀರಿಕೊಂಡ ಐದೂವರೆ ವರ್ಷಕ್ಕೆ ಒಂದು ದೇಶ ತನ್ನ ಸಂವಿಧಾನವನ್ನೇ ತಿದ್ದಿತು. ಅಕ್ಟೋಬರ್ 28 ಅವರ ಪುಣ್ಯತಿಥಿ.

ಡಬ್ಲಿನ್‌ನ ಪೋರ್ಟೊಬೆಲ್ಲೊ ಬಡಾವಣೆ. ಪಬ್ ಒಂದರ ಪಕ್ಕದ ಗೋಡೆಯ ತುಂಬ ನಗುವ ಹೆಣ್ಣಿನ ಮುಖ. 2018ರ ಮೇ ತಿಂಗಳ ಕೊನೆಯ ವಾರಾಂತ್ಯದಲ್ಲಿ ಜನ ಆ ಗೋಡೆಯ ಮುಂದೆ ನಿಂತು ಬಣ್ಣಬಣ್ಣದ ಸಣ್ಣ ಚೀಟಿಗಳಲ್ಲಿ ಏನೋ ಬರೆದು ಅಂಟಿಸುತ್ತಿದ್ದರು. ನೂರಿದ್ದ ಚೀಟಿ ಸಾವಿರವಾಯಿತು. ಕೆಳಗೆ ಹೂಗುಚ್ಛ, ಮೋಂಬತ್ತಿ. ಗರ್ಭಪಾತದ ಜನಮತದಲ್ಲಿ ಮತ ಹಾಕಿ ನೇರವಾಗಿ ಅಲ್ಲಿಗೆ ಬಂದವರಿದ್ದರು, ಮಗುವನ್ನು ಎತ್ತಿಕೊಂಡು ಬಂದವರಿದ್ದರು, ವಿಮಾನ ನಿಲ್ದಾಣದಿಂದ ಸೂಟ್‌ಕೇಸ್ ಎಳೆದುಕೊಂಡೇ ಬಂದವರೂ ಇದ್ದರು. ಅಷ್ಟೂ ಚೀಟಿಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದದ್ದು ಒಂದೇ ಮಾತು: ಕ್ಷಮಿಸು.

ಹಾಗೆ ಕ್ಷಮೆ ಕೇಳಿದವರಲ್ಲಿ ಬಹುತೇಕರು ಸವಿತಾ ಅವರನ್ನು ಎಂದೂ ನೋಡಿದವರಲ್ಲ. ಬೆಳಗಾವಿ ಎಲ್ಲಿದೆಯೆಂದೂ ಅವರಿಗೆ ಗೊತ್ತಿದ್ದಿರಲಾರದು. ಆದರೂ ಆ ಹೆಸರನ್ನು ಐರ್ಲೆಂಡ್‌ನಲ್ಲಿ ಈಗ ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಗರ್ಭಪಾತದ ಹಕ್ಕಿನ ಬಗ್ಗೆ ಅಲ್ಲಿ ಮೂವತ್ತೈದು ವರ್ಷ ನಡೆದ ಜಗಳಕ್ಕೆ ಮುಖ ಕೊಟ್ಟವರು ನಮ್ಮ ನಾಡಿನ ಈ ಹೆಣ್ಣುಮಗಳು. ಆ ಕಥೆಯನ್ನು ಕನ್ನಡಿಗರು ಪೂರ್ತಿಯಾಗಿ ತಿಳಿದಿರಬೇಕು.

ಭಾನುವಾರದಿಂದ ಭಾನುವಾರಕ್ಕೆ

ಸವಿತಾ ಬೆಳಗಾವಿಯ ಕೆಎಲ್‌ಇ ದಂತವೈದ್ಯಕೀಯ ಕಾಲೇಜಿನಲ್ಲಿ ಓದಿದವರು. 2008ರಲ್ಲಿ ಪ್ರವೀಣ್ ಹಾಲಪ್ಪನವರ ಅವರನ್ನು ಮದುವೆಯಾಗಿ ಐರ್ಲೆಂಡ್‌ನ ಪಶ್ಚಿಮ ಕರಾವಳಿಯ ಗಾಲ್ವೆ ನಗರಕ್ಕೆ ಹೋದರು. ಪ್ರವೀಣ್ ಅಲ್ಲಿ ಎಂಜಿನಿಯರ್. ಊರಿನ ಭಾರತೀಯರ ನಡುವೆ ಸವಿತಾ ಎಲ್ಲರಿಗೂ ಬೇಕಾದವರಾಗಿದ್ದರು. ಹಬ್ಬದ ಕಾರ್ಯಕ್ರಮಗಳಿಗೆ ಮಕ್ಕಳಿಗೆ ಕುಣಿತ ಕಲಿಸುತ್ತಿದ್ದರು. 2012ರಲ್ಲಿ ಬಸುರಿಯಾದರು. ಮೊದಲ ಮಗು. ಬೆಳಗಾವಿಯಿಂದ ಅಪ್ಪ, ಅಮ್ಮ ಬಂದು ಮಗಳ ಜೊತೆಗಿದ್ದರು.

ಅಕ್ಟೋಬರ್ 21, ಭಾನುವಾರ. ಹದಿನೇಳು ವಾರದ ಬಸುರಿ ಸವಿತಾಗೆ ವಿಪರೀತ ಬೆನ್ನುನೋವು. ಗಾಲ್ವೆಯ ಯೂನಿವರ್ಸಿಟಿ ಆಸ್ಪತ್ರೆಗೆ ಹೋದರು. ನೋಡಿ ಮನೆಗೆ ಕಳಿಸಿದರು. ನೋವು ಹೆಚ್ಚಾಗಿ ಅದೇ ಮಧ್ಯಾಹ್ನ ಮತ್ತೆ ಹೋದಾಗ ಪರೀಕ್ಷೆಯಲ್ಲಿ ವಿಷಯ ಸ್ಪಷ್ಟವಾಯಿತು: ಗರ್ಭಕೋಶದ ಬಾಯಿ ತೆರೆದುಕೊಂಡಿದೆ, ಗರ್ಭ ನಿಲ್ಲುವುದಿಲ್ಲ. ದಾಖಲಿಸಿಕೊಂಡರು. ಆವತ್ತೇ ರಕ್ತವನ್ನೂ ತೆಗೆದರು. ಬಿಳಿ ರಕ್ತಕಣ ಹೆಚ್ಚಿದೆ ಎಂಬ ವರದಿ ಬಂತು. ಆ ವರದಿಯನ್ನು ಬುಧವಾರದವರೆಗೆ ಯಾರೂ ಗಮನಿಸಲಿಲ್ಲ.

ಭಾನುವಾರ ನಡುರಾತ್ರಿ ದಾಟುತ್ತಿದ್ದಂತೆ ನೀರೊಡೆಯಿತು. ಹದಿನೇಳು ವಾರಕ್ಕೆ ನೀರು ಹೋದರೆ ಮಗು ಬದುಕುವ ಮಾತೇ ಇಲ್ಲ. ಆದರೆ ಭ್ರೂಣದ ಹೃದಯ ಬಡಿಯುತ್ತಿತ್ತು. ಗರ್ಭಚೀಲ ಒಡೆದ ಮೇಲೆ ಒಳಗಿನ ಗರ್ಭಕೋಶಕ್ಕೂ ಹೊರಗಿನ ಸೋಂಕಿಗೂ ನಡುವೆ ತಡೆಯೇ ಇರುವುದಿಲ್ಲ. ಒಂದೊಂದು ಗಂಟೆಯೂ ಅಪಾಯವನ್ನು ಹೆಚ್ಚಿಸುತ್ತದೆ. ಅದಕ್ಕೇ ಇಂಥ ಸ್ಥಿತಿಯಲ್ಲಿ ಗರ್ಭವನ್ನು ತೆಗೆದುಬಿಡುವ ಆಯ್ಕೆಯನ್ನು ಬೇರೆ ದೇಶಗಳಲ್ಲಿ ವೈದ್ಯರು ಹೆಣ್ಣಿನ ಮುಂದಿಡುತ್ತಾರೆ.

ಮಂಗಳವಾರ ಸವಿತಾ ಅದನ್ನೇ ಕೇಳಿದರು. ಮಗು ಹೇಗೂ ಉಳಿಯುವುದಿಲ್ಲ ಎಂದ ಮೇಲೆ ಈ ಕಾಯುವಿಕೆಯನ್ನಾದರೂ ಮುಗಿಸಿ ಎಂಬುದು ದಂಪತಿಯ ಕೋರಿಕೆ. ಕಾನೂನಿನ ಪ್ರಕಾರ ಆಗುವುದಿಲ್ಲ ಎಂದು ಸ್ತ್ರೀರೋಗ ತಜ್ಞೆ ಹೇಳಿದರು. ಹೃದಯ ಬಡಿಯುತ್ತಿದೆ, ತಾಯಿಯ ಜೀವಕ್ಕೆ ಆ ಹೊತ್ತಿಗೆ ಅಪಾಯ ಕಾಣುತ್ತಿಲ್ಲ. ಇದು ಕ್ಯಾಥೊಲಿಕ್ ದೇಶ ಎಂಬ ಮಾತೂ ಆ ವಾರ್ಡಿನಲ್ಲಿ ಬಂತು. ಅದನ್ನು ಹೇಳಿದ ಹಿರಿಯ ಸೂಲಗಿತ್ತಿ ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡು, ನೋಯಿಸಲು ಆಡಿದ ಮಾತಲ್ಲ, ಇಲ್ಲಿನ ಕಾನೂನು ಯಾಕೆ ಹೀಗಿದೆ ಎಂದು ವಿವರಿಸಲು ಹೇಳಿದ್ದು ಎಂದರು. ಅದೇ ದಿನ ಅಪ್ಪ, ಅಮ್ಮ ಊರಿಗೆ ಹೊರಟರು.

ಬುಧವಾರ ಬೆಳಗಿನ ಜಾವ ನಾಲ್ಕೂಕಾಲರ ಸುಮಾರಿಗೆ ಸವಿತಾಗೆ ನಡುಕ ಹುಟ್ಟಿತು. ಹೊದಿಕೆ ಕೊಟ್ಟರು, ಪ್ಯಾರಾಸಿಟಮಾಲ್ ಕೊಟ್ಟರು. ಆರೂವರೆಗೆ ಜ್ವರ 39.6 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 160. ಸ್ರಾವಕ್ಕೆ ಕೆಟ್ಟ ವಾಸನೆ. ಸೋಂಕು ಗರ್ಭಕೋಶಕ್ಕೆ ಹತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಗುರುತು ಬೇಕಿಲ್ಲ. ಬೆಳಗಿನ ರೌಂಡ್ಸ್‌ಗೆ ಬಂದ ತಜ್ಞೆಗೆ ಆ ವಾಸನೆಯ ವಿಷಯ ತಲುಪಲಿಲ್ಲ. ಟಿಪ್ಪಣಿಯಲ್ಲಿ ಇದ್ದದ್ದನ್ನು ಅವರು ನೋಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗರ್ಭ ತೆಗೆಯುವುದೆಂದು ತೀರ್ಮಾನವಾದಾಗ ಭ್ರೂಣದ ಹೃದಯ ನಿಂತಿತ್ತು. ಮೂರು ಗಂಟೆ ದಾಟಿದ ಮೇಲೆ ಆಪರೇಷನ್ ಥಿಯೇಟರ್‌ನಲ್ಲಿ ತಾನಾಗಿಯೇ ಗರ್ಭಪಾತವಾಯಿತು. ಹೆಣ್ಣು ಕೂಸು. ಅಷ್ಟರಲ್ಲಿ ನಂಜು ರಕ್ತಕ್ಕೆ ಇಳಿದಿತ್ತು. ಅಲ್ಲಿಂದ ತೀವ್ರ ನಿಗಾ ಘಟಕ. ಒಂದೊಂದಾಗಿ ಅಂಗಗಳು ಸೋತವು. ಅಕ್ಟೋಬರ್ 28ರ ಭಾನುವಾರ ನಸುಕಿನ 1 ಗಂಟೆ 9 ನಿಮಿಷಕ್ಕೆ ಸವಿತಾ ತೀರಿಕೊಂಡರು. ಅವರಿಗೆ 31 ವರ್ಷ.

ಒಂದು ವಾಕ್ಯದ ಸಂವಿಧಾನ

ಮಂಗಳವಾರದ ಆ ನಿರಾಕರಣೆಯ ಹಿಂದೆ ಇದ್ದದ್ದು ಒಬ್ಬ ವೈದ್ಯೆಯ ಮನಸ್ಸಲ್ಲ, ದೇಶದ ಸಂವಿಧಾನ.

ಐರ್ಲೆಂಡ್‌ನಲ್ಲಿ ಗರ್ಭಪಾತ 1861ರ ಬ್ರಿಟಿಷ್ ಕಾಯ್ದೆಯ ಕಾಲದಿಂದಲೂ ಅಪರಾಧವಾಗಿತ್ತು. ಅದು ಸಾಲದೆಂದು, ಮುಂದೆ ಯಾವ ಸಂಸತ್ತೂ ಯಾವ ನ್ಯಾಯಾಲಯವೂ ಸಡಿಲಿಸದಂತೆ 1983ರ ಸೆಪ್ಟೆಂಬರ್‌ನಲ್ಲಿ ಜನಮತದ ಮೂಲಕ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದರು. ಮತ ಹಾಕಿದವರಲ್ಲಿ ಶೇ 66.9ರಷ್ಟು ಮಂದಿ ಹೌದು ಎಂದರು. ಹುಟ್ಟಲಿರುವ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮಸಮ ಎಂಬುದು ಅದರ ಸಾರ. ಕೇಳಲು ನ್ಯಾಯವಾಗಿಯೇ ಇದೆ. ಇಬ್ಬರಲ್ಲಿ ಒಬ್ಬರು ಉಳಿಯುವುದೇ ಇಲ್ಲ ಎಂದಾದಾಗ ಈ ಸಮ ಏನು ಮಾಡುತ್ತದೆ ಎಂಬುದಕ್ಕೆ ಉತ್ತರ ಮಾತ್ರ ಅದರಲ್ಲಿರಲಿಲ್ಲ.

ತಿದ್ದುಪಡಿಯಾದ ನಾಲ್ಕೇ ತಿಂಗಳಿಗೆ, 1984ರ ಜನವರಿ 31ರಂದು, ಗ್ರಾನಾರ್ಡ್ ಎಂಬ ಸಣ್ಣ ಊರಿನಲ್ಲಿ ಆ್ಯನ್ ಲವೆಟ್ ಎಂಬ 15 ವರ್ಷದ ಶಾಲಾ ಹುಡುಗಿ ಮಾತೆ ಮೇರಿಯ ಪ್ರತಿಮೆಯಿದ್ದ ಗುಹೆಯ ಬಳಿ ಚಳಿಯಲ್ಲಿ ಒಬ್ಬಳೇ ಹೆತ್ತು ಸತ್ತಳು. ಕೂಸೂ ಉಳಿಯಲಿಲ್ಲ. 1992ರಲ್ಲಿ ಅತ್ಯಾಚಾರದಿಂದ ಬಸುರಾದ 14 ವರ್ಷದ ಹುಡುಗಿ ಇಂಗ್ಲೆಂಡಿಗೆ ಹೋಗದಂತೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಆತ್ಮಹತ್ಯೆಯ ಭಯವೂ ಜೀವಾಪಾಯವೇ ಎಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ತೆರವು ಮಾಡಿತು. ತಾಯಿಯ ಜೀವಕ್ಕೆ ನಿಜವಾದ, ಗಣನೀಯ ಅಪಾಯವಿದ್ದರೆ ಗರ್ಭಪಾತ ಮಾಡಬಹುದು ಎಂಬ ಅಳತೆಗೋಲು ಹುಟ್ಟಿದ್ದು ಹೀಗೆ. ಅದನ್ನು ವಿವರಿಸುವ ಕಾನೂನನ್ನು ಮಾತ್ರ ಇಪ್ಪತ್ತು ವರ್ಷ ಯಾವ ಸರ್ಕಾರವೂ ಮಾಡಲಿಲ್ಲ.

ಸವಿತಾ ಸಿಕ್ಕಿಬಿದ್ದದ್ದು ಈ ಅಳತೆಗೋಲಿನ ಒಳಗೆ. ಜೀವಕ್ಕೆ ಅಪಾಯವಿದ್ದರೆ ಸರಿ, ಆರೋಗ್ಯಕ್ಕೆ ಅಪಾಯವಿದ್ದರೆ ಸಾಲದು. ಕಾನೂನಿನ ಪುಸ್ತಕದಲ್ಲಿ ಇವೆರಡರ ನಡುವೆ ಗೆರೆ ಎಳೆಯಬಹುದು. ಹಾಸಿಗೆಯ ಮೇಲೆ ಮಲಗಿದ ದೇಹದಲ್ಲಿ ಆ ಗೆರೆ ಇರುವುದಿಲ್ಲ. ಸೋಮವಾರ ಆರೋಗ್ಯದ ಪ್ರಶ್ನೆಯಾಗಿದ್ದದ್ದು ಬುಧವಾರ ಬೆಳಗಾಗುವಷ್ಟರಲ್ಲಿ ಜೀವದ ಪ್ರಶ್ನೆಯಾಗಿತ್ತು. ವೈದ್ಯರಿಗೆ ಖಾತ್ರಿಯಾಗುವಷ್ಟು ಅಪಾಯ ಬೆಳೆಯುವವರೆಗೆ ಕಾಯಿರಿ ಎನ್ನುವುದೆಂದರೆ, ಕೈಮೀರುವವರೆಗೆ ಕಾಯಿರಿ ಎಂದಂತೆಯೇ.

ಬಾಕ್ಸ್: ಸಮುದ್ರ ದಾಟಿದವರು

*ನಿಷೇಧವಿದ್ದ ಮಾತ್ರಕ್ಕೆ ಐರ್ಲೆಂಡ್‌ನ ಹೆಂಗಸರು ಗರ್ಭ ತೆಗೆಸುವುದನ್ನು ಬಿಟ್ಟಿರಲಿಲ್ಲ. ಹಡಗು, ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದರು. 1980ರಿಂದ 2018ರವರೆಗೆ ಇಂಗ್ಲೆಂಡ್, ವೇಲ್ಸ್‌ನ ಕ್ಲಿನಿಕ್‌ಗಳಲ್ಲಿ ಐರಿಷ್ ವಿಳಾಸ ಕೊಟ್ಟವರು ಒಂದೂವರೆ ಲಕ್ಷಕ್ಕೂ ಹೆಚ್ಚು.*

*2016ರ ಒಂದೇ ವರ್ಷದಲ್ಲಿ 3,265 ಮಂದಿ. ಅಂದರೆ ದಿನಕ್ಕೆ ಸುಮಾರು ಒಂಬತ್ತು.*

*ಪ್ರಯಾಣದ ಸ್ವಾತಂತ್ರ್ಯಕ್ಕೆ ಅಡ್ಡಿಯಿಲ್ಲ ಎಂದು 1992ರಲ್ಲೇ ಜನಮತದಿಂದ ಸಂವಿಧಾನಕ್ಕೆ ಸೇರಿಸಿದ್ದರು. ಹಣ, ರಜೆ, ವೀಸಾ ಇಲ್ಲದವರಿಗೆ ಅದರಿಂದ ಉಪಯೋಗವಿರಲಿಲ್ಲ. ವಲಸೆ ಬಂದವರಿಗೆ, ಆಸ್ಪತ್ರೆಯ ಹಾಸಿಗೆಯಲ್ಲಿದ್ದವರಿಗಂತೂ ದಾರಿಯೇ ಇರಲಿಲ್ಲ.*

ದೀಪಾವಳಿಯ ಮಾರನೆಯ ದಿನ

ಆ ವರ್ಷ ದೀಪಾವಳಿ ನವೆಂಬರ್ 13ಕ್ಕೆ ಬಂದಿತ್ತು. 14ರಂದು ‘ಐರಿಷ್ ಟೈಮ್ಸ್’ ಪತ್ರಿಕೆ ಸವಿತಾ ಸಾವಿನ ಸುದ್ದಿ ಪ್ರಕಟಿಸಿತು. ಅಂದು ಸಂಜೆಯೇ ಡಬ್ಲಿನ್‌ನಲ್ಲಿ ಸಂಸತ್ತಿನ ಮುಂದೆ ಜನ ಸೇರಿದರು. ಆ ವಾರಾಂತ್ಯ ಸಾವಿರಾರು ಮಂದಿ ಮೆರವಣಿಗೆ ಹೊರಟರು. ಲಂಡನ್‌ನಲ್ಲಿ, ದಿಲ್ಲಿಯಲ್ಲಿ ಪ್ರತಿಭಟನೆಗಳಾದವು. ಭಾರತದ ವಿದೇಶಾಂಗ ಸಚಿವಾಲಯ ಐರ್ಲೆಂಡ್ ರಾಯಭಾರಿಯನ್ನು ಕರೆಸಿ ಮಾತಾಡಿತು. ನಾಲ್ಕು ತಿಂಗಳ ಭ್ರೂಣವನ್ನು ಉಳಿಸುವ ನೆಪದಲ್ಲಿ ನಮ್ಮ ಮಗಳನ್ನು ಕೊಂದರು ಎಂಬ ಅರ್ಥದಲ್ಲಿ ಬೆಳಗಾವಿಯಿಂದ ತಾಯಿ ಆಡಿದ ಮಾತು ಜಗತ್ತಿನ ಎಲ್ಲ ಪತ್ರಿಕೆಗಳಿಗೂ ಹೋಯಿತು.

2013ರ ಏಪ್ರಿಲ್‌ನಲ್ಲಿ ಗಾಲ್ವೆಯಲ್ಲಿ ಕರೋನರ್ ಮುಂದೆ ಸಾವಿನ ವಿಚಾರಣೆ ನಡೆಯಿತು. ವೈದ್ಯಕೀಯ ಅವಘಡದಿಂದಾದ ಸಾವು ಎಂದು ಜ್ಯೂರಿ ಒಮ್ಮತದಿಂದ ಹೇಳಿತು. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಸವಿತಾ ಬದುಕುವ ಸಾಧ್ಯತೆಯೇ ಹೆಚ್ಚಿತ್ತು, ಆದರೆ ಆಗ ಹಾಗೆ ಮಾಡಲು ಕಾನೂನಿನಲ್ಲಿ ಅವಕಾಶವಿರಲಿಲ್ಲ ಎಂದು ಪರಿಣತ ಸಾಕ್ಷಿಯಾಗಿ ಬಂದಿದ್ದ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ನುಡಿದರು.

ಗರ್ಭಪಾತವನ್ನು ವಿರೋಧಿಸುವವರು ಬೇರೆ ವಾದ ಮುಂದಿಟ್ಟರು. ಸವಿತಾ ಸತ್ತದ್ದು ಕಾನೂನಿನಿಂದಲ್ಲ, ಸೋಂಕನ್ನು ಗುರುತಿಸದ ನಿರ್ಲಕ್ಷ್ಯದಿಂದ ಎಂಬುದು ಆ ವಾದ. ಅದನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ನೀರೊಡೆದವರ ಜ್ವರ, ನಾಡಿಯನ್ನು ನಾಲ್ಕು ಗಂಟೆಗೊಮ್ಮೆ ನೋಡಬೇಕೆಂಬ ಆಸ್ಪತ್ರೆಯದೇ ನಿಯಮ ಪಾಲನೆಯಾಗಿರಲಿಲ್ಲ. ಸವಿತಾ ಅವರನ್ನು ಉಳಿಸಬಹುದಾಗಿದ್ದ 13 ಸಂದರ್ಭಗಳು ತಪ್ಪಿಹೋದವು ಎಂದು ಆರೋಗ್ಯ ಗುಣಮಟ್ಟ ಪ್ರಾಧಿಕಾರ ಎಣಿಸಿ ಹೇಳಿತು. ಆದರೆ ಪ್ರೊಫೆಸರ್ ಸಬಾರತ್ನಂ ಅರುಳ್‌ಕುಮಾರನ್ ನೇತೃತ್ವದ ತನಿಖಾ ವರದಿ ಎರಡೂ ಎಳೆಗಳನ್ನು ಒಂದೇ ಗಂಟಿಗೆ ತಂದಿತು. ಭ್ರೂಣದ ಹೃದಯ ನಿಲ್ಲುವವರೆಗೆ ಕೈಹಾಕಬಾರದು ಎಂಬುದಕ್ಕೇ ಒತ್ತು ಬಿದ್ದು, ತಾಯಿಯ ಮೇಲಿನ ನಿಗಾ ಹಿಂದೆ ಬಿತ್ತು ಎಂಬುದು ಅದರ ನಿರ್ಣಯ. ಕಾಯುವುದೇ ಚಿಕಿತ್ಸೆಯಾದ ಕಡೆ ಕಣ್ಣು ಎಲ್ಲಿರಬೇಕೋ ಅಲ್ಲಿರುವುದಿಲ್ಲ.

ಜುಲೈ 2013ರಲ್ಲಿ ಸರ್ಕಾರ ಕೊನೆಗೂ ಕಾನೂನು ಮಾಡಿತು. ಅದರಲ್ಲೂ ಜೀವಾಪಾಯ ಮಾತ್ರ, ಆರೋಗ್ಯವಿಲ್ಲ. ಅಕ್ರಮ ಗರ್ಭಪಾತಕ್ಕೆ 14 ವರ್ಷದವರೆಗೆ ಜೈಲು. ಮರುವರ್ಷದ ಡಿಸೆಂಬರ್‌ನಲ್ಲಿ ಮಿದುಳು ನಿಷ್ಕ್ರಿಯವಾಗಿದ್ದ ಬಸುರಿಯೊಬ್ಬಳ ದೇಹವನ್ನು ಯಂತ್ರಗಳಿಂದ ವಾರಗಟ್ಟಲೆ ಉಸಿರಾಡಿಸಿದರು. ಯಂತ್ರ ನಿಲ್ಲಿಸಿದರೆ ಎಂಟನೇ ತಿದ್ದುಪಡಿ ಮುರಿದಂತಾಗುತ್ತದೆಯೋ ಎಂದು ವೈದ್ಯರಿಗೆ ಭಯ. ಆಕೆಯ ತಂದೆ ಹೈಕೋರ್ಟ್ ಮೆಟ್ಟಿಲು ಹತ್ತಿ, ಕ್ರಿಸ್ಮಸ್‌ನ ಮಾರನೆಯ ದಿನ ಆದೇಶ ಪಡೆಯಬೇಕಾಯಿತು.

ತೊಂಬತ್ತೊಂಬತ್ತು ಮಂದಿಯ ಸಭೆ

ಮುಂದೆ ಆದದ್ದು ಬೇರೆ ದೇಶಗಳೂ ಕಲಿಯಬೇಕಾದ ಪಾಠ. ರಾಜಕಾರಣಿಗಳು ಕೈಯಿಡಲು ಹೆದರುತ್ತಿದ್ದ ಪ್ರಶ್ನೆಯನ್ನು 2016ರಲ್ಲಿ ನಾಗರಿಕ ಸಭೆಯೊಂದಕ್ಕೆ ವಹಿಸಿದರು. ಮತದಾರರ ನಡುವಿನಿಂದ ಚೀಟಿ ಎತ್ತಿದಂತೆ ಆರಿಸಿದ 99 ಮಂದಿ ಜನಸಾಮಾನ್ಯರು, ಅಧ್ಯಕ್ಷತೆಗೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಮೇರಿ ಲಾಫೊಯ್. ವಾರಾಂತ್ಯಗಳಲ್ಲಿ ಕೂತು ವೈದ್ಯರು, ವಕೀಲರು, ಧರ್ಮಚಿಂತಕರ ಮಾತು ಕೇಳಿದರು. ಗರ್ಭಪಾತ ಮಾಡಿಸಿಕೊಂಡವರ, ಬೇಡವೆಂದು ಹೆತ್ತವರ ಅನುಭವಗಳನ್ನೂ ಕೇಳಿದರು. 2017ರ ಏಪ್ರಿಲ್‌ನಲ್ಲಿ ಶೇ 64ರಷ್ಟು ಸದಸ್ಯರು, ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶ ಕೊಡಬೇಕು ಎಂದರು. ದೇಶ ಬೆರಗಾಯಿತು.

2018ರ ಮೇ 25ಕ್ಕೆ ಜನಮತ ನಿಗದಿಯಾಯಿತು. ಪ್ರಧಾನಿಯಾಗಿದ್ದ ಲಿಯೊ ವರಾಡ್ಕರ್ ಸ್ವತಃ ವೈದ್ಯರು, ಅವರ ತಂದೆ ಮುಂಬೈ ಮೂಲದವರು. ತಿದ್ದುಪಡಿ ರದ್ದಾಗಲಿ ಎಂದು ಅವರು ಪ್ರಚಾರ ಮಾಡಿದರು. ಬೆಳಗಾವಿಯಿಂದ ಸವಿತಾ ಅವರ ತಂದೆ ಅಂದಾನಪ್ಪ ಯಳಗಿ, ಮಗಳನ್ನು ನೆನೆದು ಹೌದು ಎಂದು ಮತ ಹಾಕಿ ಎಂದು ವಿಡಿಯೊದಲ್ಲಿ ಕೇಳಿಕೊಂಡರು. ಇನ್ನೊಂದು ಕಡೆಯವರು ಸುಮ್ಮನಿರಲಿಲ್ಲ. ದೀಪದ ಕಂಬಗಳ ತುಂಬ ಭ್ರೂಣದ ಚಿತ್ರದ ಪೋಸ್ಟರ್‌ಗಳು. ತಾಯಿ, ಮಗು ಇಬ್ಬರನ್ನೂ ಪ್ರೀತಿಸಿ ಎಂಬ ಅವರ ಮನವಿಯಲ್ಲಿ ನಂಬಿಕೆಯಿಟ್ಟವರು ಲಕ್ಷಾಂತರ ಮಂದಿ. ಅವರ ಕಳಕಳಿಯನ್ನು ಸುಳ್ಳೆನ್ನಲು ಬಾರದು. ಇತ್ತ ವಿದೇಶಗಳಲ್ಲಿ ದುಡಿಯುತ್ತಿದ್ದ ಐರಿಷ್ ಯುವಜನ ಮತ ಹಾಕಲೆಂದೇ ಊರಿಗೆ ಮರಳಿದರು. ವಿಮಾನ ನಿಲ್ದಾಣಗಳಲ್ಲಿ ಅವರನ್ನು ಬರಮಾಡಿಕೊಂಡರು.

ಫಲಿತಾಂಶ: ಹೌದು ಶೇ 66.4. ಮೂವತ್ತೈದು ವರ್ಷದ ಹಿಂದೆ ತಿದ್ದುಪಡಿ ತಂದಾಗಿನ ಅಂತರವೇ ಹೆಚ್ಚುಕಡಿಮೆ ತಿರುವುಮುರುವಾಗಿತ್ತು. ನಲವತ್ತು ಕ್ಷೇತ್ರಗಳಲ್ಲಿ ಡೊನೆಗಾಲ್ ಒಂದೇ ಇಲ್ಲ ಎಂದದ್ದು. ಡಬ್ಲಿನ್ ಕ್ಯಾಸಲ್‌ನ ಅಂಗಳದಲ್ಲಿ ನೆರೆದವರು ಸವಿತಾ ಹೆಸರು ಕೂಗಿದರು. ಹೊಸ ಕಾನೂನಿಗೆ ಮಗಳ ಹೆಸರಿಡಿ ಎಂದು ತಂದೆ ಕೋರಿದ್ದರು, ಅದು ಆಗಲಿಲ್ಲ.

ಬಾಕ್ಸ್: ಐರ್ಲೆಂಡ್‌ನಲ್ಲಿ ಈಗ

*2019ರ ಜನವರಿ 1ರಿಂದ ಹೊಸ ಕಾನೂನು ಜಾರಿಯಲ್ಲಿದೆ. 12 ವಾರದವರೆಗೆ ಕಾರಣ ಹೇಳಬೇಕಿಲ್ಲ. ಆದರೆ ವೈದ್ಯರನ್ನು ಮೊದಲು ಕಂಡ ಮೇಲೆ ಮೂರು ದಿನ ಕಾಯಲೇಬೇಕು.*

*12 ವಾರ ದಾಟಿದರೆ ತಾಯಿಯ ಜೀವಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿ, ಇಲ್ಲವೇ ಭ್ರೂಣ ಉಳಿಯದ ಸ್ಥಿತಿ ಇದ್ದರೆ ಮಾತ್ರ. ಇಬ್ಬರು ವೈದ್ಯರು ಒಪ್ಪಬೇಕು.*

*ಬಸುರಿಯರ ಜ್ವರ, ನಾಡಿ, ಉಸಿರಾಟವನ್ನು ಒಂದೇ ಹಾಳೆಯಲ್ಲಿ ದಾಖಲಿಸಿ ಅಪಾಯವನ್ನು ಮೊದಲೇ ಗುರುತಿಸುವ ಪದ್ಧತಿ 2013ರಿಂದ ದೇಶದ ಎಲ್ಲ ಹೆರಿಗೆ ಆಸ್ಪತ್ರೆಗಳಿಗೂ ಬಂದಿದೆ.*

ಮತ್ತೆ ಅದೇ ವಾರ್ಡು

ಐರ್ಲೆಂಡ್ ಕಲಿತದ್ದನ್ನು ಬೇರೆಯವರು ಕಲಿಯಲಿಲ್ಲ. ಪೋಲೆಂಡ್‌ನ ಸಾಂವಿಧಾನಿಕ ನ್ಯಾಯಮಂಡಳಿ 2020ರ ಅಕ್ಟೋಬರ್‌ನಲ್ಲಿ, ಭ್ರೂಣದಲ್ಲಿ ಗಂಭೀರ ದೋಷವಿದ್ದರೂ ಗರ್ಭಪಾತ ಕೂಡದು ಎಂದಿತು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಪ್ಷ್‌ಚಿನಾ ಎಂಬ ಊರಿನ ಆಸ್ಪತ್ರೆಯಲ್ಲಿ 30 ವರ್ಷದ ಬಸುರಿಯೊಬ್ಬರು ನಂಜೇರಿ ಸತ್ತರು. 22ನೇ ವಾರಕ್ಕೆ ನೀರೊಡೆದಿತ್ತು, ಹೃದಯ ಬಡಿಯುತ್ತಿತ್ತು, ವೈದ್ಯರು ಕಾಯುತ್ತಿದ್ದರು. ಕಾಯುತ್ತಿದ್ದಾರೆ ಎಂದು ಆಕೆ ಹಾಸಿಗೆಯಿಂದಲೇ ತನ್ನ ತಾಯಿಗೆ ಸಂದೇಶ ಕಳಿಸಿದ್ದರು.

2022ರ ಜೂನ್‌ನಲ್ಲಿ ಮಾಲ್ಟಾಗೆ ಪ್ರವಾಸ ಬಂದ ಅಮೆರಿಕದ ಮಹಿಳೆಯೊಬ್ಬರಿಗೆ 16ನೇ ವಾರಕ್ಕೆ ನೀರು ಹೋಯಿತು. ಅಲ್ಲಿ ಆಗ ಗರ್ಭಪಾತಕ್ಕೆ ಸಂಪೂರ್ಣ ನಿಷೇಧವಿತ್ತು. ವಿಮಾನದಲ್ಲಿ ಸ್ಪೇನ್‌ಗೆ ಸಾಗಿಸಿದ್ದರಿಂದ ಉಳಿದರು. ಒಂದು ವರ್ಷದ ಮೇಲೆ ಮಾಲ್ಟಾ ಕಾನೂನು ತಿದ್ದಿತು. ಅಲ್ಲೂ ತಾಯಿಯ ಜೀವಕ್ಕೆ ಅಪಾಯ ಎಂಬ ಷರತ್ತೇ. ಸವಿತಾ ಕಾದ ಷರತ್ತೂ ಅದೇ ಆಗಿತ್ತು.

ತವರಿನ ಕಾನೂನು

ಸವಿತಾ ಹುಟ್ಟುವ ಹತ್ತು ವರ್ಷ ಮೊದಲೇ ಭಾರತದಲ್ಲಿ ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡು ಸಾಯುವವರ ಸಂಖ್ಯೆಗೆ ಕಳವಳಪಟ್ಟು 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ನೇಮಿಸಿದರು. ಅದರ ಫಲವಾಗಿ ಬಂದದ್ದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ. ತಾಯಿಯ ಜೀವದ ಜೊತೆಗೇ ಆಕೆಯ ದೈಹಿಕ, ಮಾನಸಿಕ ಆರೋಗ್ಯವನ್ನೂ ಆ ಕಾಯ್ದೆ ಹೆಸರಿಸಿ ಹೇಳುತ್ತದೆ. ಹದಿನೇಳು ವಾರಕ್ಕೆ ನೀರೊಡೆದ ಹೆಣ್ಣು ಬೆಳಗಾವಿಯ ಆಸ್ಪತ್ರೆಯಲ್ಲಿದ್ದಿದ್ದರೆ ವೈದ್ಯರ ಕೈಯನ್ನು ಕಾನೂನು ಹಿಡಿಯುತ್ತಿರಲಿಲ್ಲ.

ಹಾಗೆಂದು ಇಲ್ಲಿ ಎಲ್ಲ ನೇರವಾಗಿದೆ ಎಂದಲ್ಲ. ಗರ್ಭಪಾತ ಇಂದಿಗೂ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಡಿ ಅಪರಾಧವೇ. 1971ರ ಕಾಯ್ದೆ ಅದಕ್ಕೊಂದು ವಿನಾಯಿತಿ. ಹೆಣ್ಣು ಬಯಸಿದರಷ್ಟೇ ಸಾಲದು, ವೈದ್ಯರು ಒಪ್ಪಬೇಕು. 2021ರ ತಿದ್ದುಪಡಿ 20 ವಾರದವರೆಗೆ ಒಬ್ಬ ವೈದ್ಯರ, 24ರವರೆಗೆ ಕೆಲವು ವರ್ಗದವರಿಗೆ ಇಬ್ಬರ ಅಭಿಪ್ರಾಯ ಸಾಕೆಂದಿತು. ಮದುವೆಯಾಗದವರಿಗೂ 24 ವಾರದ ಅವಕಾಶ ಸಲ್ಲಬೇಕೆಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ನಮ್ಮಲ್ಲಿನ ಇನ್ನೊಂದು ತೊಡಕು ಲಿಂಗ ಪತ್ತೆಯದು. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಬಯಲಿಗೆಳೆದರು. ಅದು ಹೇಯ ಅಪರಾಧ, ಶಿಕ್ಷೆಯಾಗಲೇಬೇಕು. ಆದರೆ ಆಸ್ಪತ್ರೆಯಲ್ಲಿ ಭ್ರೂಣಹತ್ಯೆ ಮಹಾಪಾಪ ಎಂದು ಬರೆದ ಫಲಕದ ಕೆಳಗೆ ಕೂತ ಬಸುರಿ, ತಾನು ಕಾನೂನುಬದ್ಧವಾಗಿ ಕೇಳಬಹುದಾದದ್ದನ್ನು ಕೇಳಲು ಹೆದರುತ್ತಾಳೆ. ಹೆಣ್ಣುಕೂಸನ್ನು ಕೊಲ್ಲುವ ಮನಸ್ಸೂ ಹೆಣ್ಣಿನ ಮಾತಿಗೆ ಕಿವಿಗೊಡದ ಮನಸ್ಸೂ ಒಂದೇ ಬೇರಿನವು ಎಂಬುದು ಇಂಥ ಫಲಕ ಬರೆಸುವವರಿಗೆ ಹೊಳೆದಿಲ್ಲ.

24 ವಾರ ದಾಟಿದರೆ ಪ್ರಶ್ನೆ ಹಲವು ಸಲ ನ್ಯಾಯಾಲಯಕ್ಕೆ ಹೋಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿ, 27 ವರ್ಷದ ಮಹಿಳೆಯೊಬ್ಬರು ಹೆರಿಗೆಯ ನಂತರದ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದು ಮೂರನೆಯ ಗರ್ಭ ತೆಗೆಸಲು ಸುಪ್ರೀಂ ಕೋರ್ಟ್‌ಗೆ ಬಂದರು. ಆಗ 26 ವಾರ ಸಮೀಪಿಸಿತ್ತು. ದ್ವಿಸದಸ್ಯ ಪೀಠ ಮೊದಲು ಒಪ್ಪಿತು, ಎರಡೇ ದಿನಕ್ಕೆ ಒಡೆಯಿತು. ಪೀಠದಲ್ಲಿದ್ದ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಆ ತಾಯಿಯ ತೀರ್ಮಾನವನ್ನು ಗೌರವಿಸಬೇಕು ಎಂಬ ನಿಲುವಿಗೆ ಗಟ್ಟಿಯಾಗಿ ನಿಂತರು. ಮತ್ತೊಬ್ಬ ನ್ಯಾಯಮೂರ್ತಿ ಒಪ್ಪಿಗೆ ಹಿಂತೆಗೆದುಕೊಂಡರು. ಪ್ರಕರಣ ಮೂವರ ಪೀಠಕ್ಕೆ ಹೋಯಿತು. ಅಕ್ಟೋಬರ್ 16ರಂದು ಆ ಪೀಠ ಅರ್ಜಿಯನ್ನು ತಿರಸ್ಕರಿಸಿ, ಹೆರಿಗೆಯ ಖರ್ಚನ್ನು ಸರ್ಕಾರ ಭರಿಸಬೇಕು ಎಂದಿತು.